ಚೀಟಿ ಬಯಲಲ್ಲಿರಲಿ, ಮಗು ಮರೆಯಲ್ಲಿರಲಿ

ಖಾಸಗಿ ಶಾಲೆಯ ಸೀಟಿಗಾಗಿ ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ನಡೆಯುವ ಲಾಟರಿಯ ಫಲಿತಾಂಶ ಬಂದ ಸಂಜೆ ಒಂದೇ ಬೀದಿಯಲ್ಲಿ ಎರಡು ಬಗೆಯ ಸಂಕಟ ಕೇಳಿಸುತ್ತದೆ. ಸೀಟು ಸಿಗದ ಮನೆಯಲ್ಲಿ, ‘ಕಂಪ್ಯೂಟರ್ ಒಳಗೆ ಏನು ಮಾಡಿದರೋ ಯಾರಿಗೆ ಗೊತ್ತು’ ಎಂಬ ಅನುಮಾನ. ಸೀಟು ಸಿಕ್ಕ ಮನೆಯಲ್ಲಿ ಖುಷಿಯ ಬೆನ್ನಿಗೇ ಇನ್ನೊಂದು ಕಳವಳ: ಐದು ವರ್ಷದ ಮಗಳ ಹೆಸರು, ಅಪ್ಪನ ಹೆಸರು, ಯಾವ ವರ್ಗದಲ್ಲಿ ಸೀಟು ಬಂತು ಎಂಬುದೆಲ್ಲ ಇರುವ ಪಟ್ಟಿಯ ಫೋಟೊ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದುಬಿಟ್ಟರೆ? ಮೊದಲ ಮನೆಯವರಿಗೆ ಬೇಕಾದದ್ದು ಪಾರದರ್ಶಕತೆ. ಎರಡನೆಯವರಿಗೆ ಬೇಕಾದದ್ದು ಖಾಸಗಿತನ. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಂದ ಕಿತ್ತುಕೊಂಡಂತೆ ಎಂದು ಬಹಳ ಮಂದಿ ನಂಬಿದ್ದಾರೆ. ಈ ನಂಬಿಕೆಯೇ ತಪ್ಪು ಎನ್ನುವುದು ನನ್ನ ವಾದ. ಹೆಸರುಗಳ ಪಟ್ಟಿ ಹಾಕಿದ ಮಾತ್ರಕ್ಕೆ ಲಾಟರಿ ಪಾರದರ್ಶಕವಾಗುವುದಿಲ್ಲ. ಒಂದು ಹೆಸರನ್ನೂ ಹೊರಗೆ ಬಿಡದೆ ಇಡೀ ಲಾಟರಿಯನ್ನು ಊರೆದುರು ನಡೆಸಲು ಸಾಧ್ಯವಿದೆ.

ಮೊದಲು ಹಿನ್ನೆಲೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 12(1)(ಸಿ) ಕಲಂ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಗಳು ಪ್ರವೇಶ ಹಂತದ ತರಗತಿಯಲ್ಲಿ ಕನಿಷ್ಠ ಶೇ 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ವರ್ಗದ ಮಕ್ಕಳಿಗೆ ಕೊಡಬೇಕು. ಸುಪ್ರೀಂ ಕೋರ್ಟ್ 2012ರ ಏಪ್ರಿಲ್‌ನಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ಕಾಯ್ದೆ ಮಗುವಿಗೆ ಪರೀಕ್ಷೆ, ತಂದೆ–ತಾಯಿಗೆ ಸಂದರ್ಶನ ಇಟ್ಟು ಆಯ್ಕೆ ಮಾಡುವುದನ್ನು ನಿಷೇಧಿಸಿದೆ. ಹಾಗೆ ಜರಡಿ ಹಿಡಿದರೆ ಮೊದಲ ಬಾರಿಗೆ 25,000 ರೂಪಾಯಿವರೆಗೆ, ಮತ್ತೆ ಮಾಡಿದರೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ ದಂಡ. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾಗಿ ಬಂದರೆ ಕಾಯ್ದೆ ಒಪ್ಪುವ ದಾರಿ ಒಂದೇ, ಯಾದೃಚ್ಛಿಕ ವಿಧಾನ. ನಮ್ಮ ಮಾತಿನಲ್ಲಿ ಹೇಳುವುದಾದರೆ ಚೀಟಿ ಎತ್ತುವುದು.

ಕರ್ನಾಟಕದಲ್ಲಿ ಆರಂಭದ ವರ್ಷಗಳಲ್ಲಿ ಶಾಲೆಗಳ ಮಟ್ಟದಲ್ಲೇ ಚೀಟಿ ಎತ್ತುತ್ತಿದ್ದರು. ಆಮೇಲೆ ಅರ್ಜಿಯೂ ಲಾಟರಿಯೂ ಆನ್‌ಲೈನ್ ಆದವು. ಒಂದು ಕಾಲಕ್ಕೆ ರಾಜ್ಯದಲ್ಲಿ ಸುಮಾರು ಒಂದೂವರೆ ಲಕ್ಷ ಸೀಟುಗಳು ಹೀಗೆ ಹಂಚಿಕೆಗೆ ಸಿಗುತ್ತಿದ್ದವು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಿಲ್ಲ ಎಂದು ನಿಯಮ ತಿದ್ದಿದ ಮೇಲೆ 2019ರಿಂದ ಆ ಸಂಖ್ಯೆ ಕುಸಿದುಹೋಯಿತು. ಹೈಕೋರ್ಟ್ ಅದೇ ವರ್ಷ ಮೇ ತಿಂಗಳಲ್ಲಿ ಆ ತಿದ್ದುಪಡಿಯನ್ನು ಒಪ್ಪಿತು. ಆ ತಿದ್ದುಪಡಿ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸೀಟು ಕಡಿಮೆಯಾದಷ್ಟೂ ಲಾಟರಿಯ ಮೇಲಿನ ಅನುಮಾನ ಹೆಚ್ಚಾಗುತ್ತದೆ ಎಂಬುದಷ್ಟೇ ಇಲ್ಲಿಗೆ ಮುಖ್ಯ.

ಚೀಟಿಯ ವಿಚಾರದಲ್ಲಿ ನಮ್ಮ ನೆರೆನಾಡಿನಲ್ಲೇ ಹಳೆಯ ಪಾಠವೊಂದಿದೆ. ತಮಿಳುನಾಡಿನ ಉತ್ತರಮೇರೂರಿನ ದೇವಾಲಯದ ಗೋಡೆಯ ಮೇಲೆ ಚೋಳ ದೊರೆ ಒಂದನೇ ಪರಾಂತಕನ ಕಾಲದ, ಎಂದರೆ ಹತ್ತನೇ ಶತಮಾನದ ಆರಂಭದ ಶಾಸನಗಳಿವೆ. ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸುತ್ತಿದ್ದ ‘ಕುಡವೋಲೈ’ ಪದ್ಧತಿಯನ್ನು ಅವು ವಿವರಿಸುತ್ತವೆ. ಹೆಸರು ಬರೆದ ಓಲೆಗಳನ್ನು ಮಡಕೆಗೆ ಹಾಕಬೇಕು. ಹಿರಿಯ ಅರ್ಚಕ ಆ ಮಡಕೆಯನ್ನು ಸಭೆಗೆಲ್ಲ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗೆ ಏನಿದೆ ಎಂದು ತಿಳಿಯದ ಚಿಕ್ಕ ಹುಡುಗ ಓಲೆ ತೆಗೆಯಬೇಕು. ಅದನ್ನು ಪಡೆಯುವವನು ಐದೂ ಬೆರಳು ಬಿಡಿಸಿದ ಅಂಗೈಯಲ್ಲಿ ಪಡೆಯಬೇಕು. ಓದಿದ ಮೇಲೆ ಉಳಿದ ಅರ್ಚಕರೂ ಅದನ್ನೇ ಓದಿ ಹೇಳಬೇಕು. ಆ ಸಮಿತಿಗೆ ಯಾರು ಅರ್ಹರು ಎಂಬ ನಿಯಮಗಳು ತೀರಾ ಸಂಕುಚಿತವಾಗಿದ್ದವು, ಅದನ್ನು ಮರೆಮಾಚಬೇಕಿಲ್ಲ. ಆದರೆ ಐದು ಬೆರಳು ಬಿಡಿಸಿ ಎಂದು ಕಲ್ಲಿನಲ್ಲಿ ಕೊರೆಸಿದವರಿಗೆ ಮೋಸ ಎಲ್ಲಿ ನಡೆಯುತ್ತದೆ ಎಂಬುದು ಚೆನ್ನಾಗಿ ತಿಳಿದಿತ್ತು. ಮೋಸ ನಡೆಯುವುದು ಕೈಯಲ್ಲಿ, ಓಲೆ ಮಡಕೆಯಿಂದ ಹೊರಬರುವ ಆ ಒಂದು ಗಳಿಗೆಯಲ್ಲಿ.

ಕಂಪ್ಯೂಟರ್ ಲಾಟರಿಯಲ್ಲಿ ಆ ಕೈ ಎಲ್ಲಿದೆ?

ಕಂಪ್ಯೂಟರ್ ತಾನಾಗಿ ಚೀಟಿ ಎತ್ತುವುದಿಲ್ಲ, ಲೆಕ್ಕ ಮಾಡುತ್ತದೆ. ಸಾಮಾನ್ಯವಾಗಿ ಅದಕ್ಕೆ ಒಂದು ಆರಂಭದ ಸಂಖ್ಯೆ ಬೇಕು. ಅದನ್ನು ಬೀಜ ಸಂಖ್ಯೆ ಎನ್ನೋಣ. ಆ ಬೀಜದಿಂದ ಒಂದು ಸೂತ್ರದ ಪ್ರಕಾರ ಅಂಕೆಗಳು ಒಂದರ ಹಿಂದೆ ಒಂದು ಹುಟ್ಟುತ್ತವೆ, ಅವುಗಳ ಪ್ರಕಾರ ಅರ್ಜಿಗಳ ಸಾಲು ಕಲಸಿಹೋಗುತ್ತದೆ. ನೋಡಿದರೆ ಯಾವ ಕ್ರಮವೂ ಇಲ್ಲದಂತೆ ಕಾಣುತ್ತದೆ. ಆದರೆ ಅದೇ ಪಟ್ಟಿ, ಅದೇ ಸೂತ್ರ, ಅದೇ ಬೀಜ ಕೊಟ್ಟರೆ ಸಾವಿರ ಸಲ ಓಡಿಸಿದರೂ ಅದೇ ಸಾಲು ಬರುತ್ತದೆ. ಲಾಟರಿಯ ಶಕ್ತಿಯೂ ಅಪಾಯವೂ ಇರುವುದು ಇಲ್ಲೇ.

ಅಪಾಯ ಹೇಗೆಂದರೆ, ಒಂದು ಶಾಲೆಯಲ್ಲಿ 10 ಸೀಟು, 40 ಅರ್ಜಿ ಎಂದಿಟ್ಟುಕೊಳ್ಳಿ. ಬೇಕಾದವರ ಮಗುವೊಂದು ಆ 40ರಲ್ಲಿದೆ. ಬಾಗಿಲು ಹಾಕಿದ ಕೋಣೆಯಲ್ಲಿ ಕುಳಿತವರು ಒಂದು ಬೀಜ ಕೊಟ್ಟು ಓಡಿಸುತ್ತಾರೆ, ಆ ಮಗು ಬರಲಿಲ್ಲ. ಇನ್ನೊಂದು ಬೀಜ ಕೊಡುತ್ತಾರೆ, ಮತ್ತೊಂದು ಕೊಡುತ್ತಾರೆ. ಮಗುವಿಗೆ ಸೀಟು ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಆದ್ದರಿಂದ ಸರಾಸರಿ ನಾಲ್ಕು ಪ್ರಯತ್ನದಲ್ಲಿ ಕೆಲಸ ಮುಗಿಯಿತು. ಹಾಗೆ ಬಂದ ಪಟ್ಟಿಯಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ಅದು ಕೂಡ ಕಲಸಿದ ಪಟ್ಟಿಯೇ. ಎಲ್ಲ ಮಕ್ಕಳ ಹೆಸರು, ವಿಳಾಸ, ಜಾತಿ, ಆದಾಯವನ್ನು ಫ್ಲೆಕ್ಸ್ ಮಾಡಿಸಿ ಕಂಬಕ್ಕೆ ಕಟ್ಟಿದರೂ ಈ ಮೋಸ ಯಾರ ಕಣ್ಣಿಗೂ ಬೀಳದು.

ಈ ಒಂದು ಅಂಶ ಮನಸ್ಸಿಗೆ ಹೊಕ್ಕರೆ ಉಳಿದದ್ದೆಲ್ಲ ಸಲೀಸು. ನಾವು ಪಾರದರ್ಶಕತೆ ಎಂದು ಕೇಳುತ್ತಿರುವುದು ಹೆಸರನ್ನು, ಕೇಳಬೇಕಾದದ್ದು ಬೀಜವನ್ನು.

ಕಣ್ಣಾರೆ ನೋಡಿದರೆ ಸಾಲದೇ ಎಂದು ಕೇಳಬಹುದು. ಸಾಲದು. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧದ ಸೈನ್ಯಭರ್ತಿಗೆ ನಡೆದ ಲಾಟರಿಯನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ವರ್ಷದ 366 ತಾರೀಖುಗಳನ್ನು 366 ಗುಳಿಗೆಗಳಲ್ಲಿಟ್ಟು, ಗಾಜಿನ ಪಾತ್ರೆಗೆ ಹಾಕಿ, ಒಂದೊಂದಾಗಿ ತೆಗೆದರು. ಮೊದಲು ಬಂದ ತಾರೀಖಿನಂದು ಹುಟ್ಟಿದವರಿಗೆ ಮೊದಲ ಕರೆ. ಗುಳಿಗೆಗಳನ್ನು ತಿಂಗಳವಾರು ಹಾಕಿದ್ದರು, ಸರಿಯಾಗಿ ಕಲಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳ ತಾರೀಖುಗಳು ಬೇಗ ಬಂದವು. ಡಿಸೆಂಬರ್‌ನ 31 ದಿನಗಳಲ್ಲಿ 26 ದಿನ ಹುಟ್ಟಿದವರು ಕರೆಗೆ ಸಿಕ್ಕಿದರು. ಯಾರೂ ಬೇಕೆಂದು ಮಾಡಿದ ಮೋಸವಲ್ಲ, ಕ್ಯಾಮೆರಾ ಮುಂದೆಯೇ ನಡೆದ ತಪ್ಪು. ಅದನ್ನು ಹಿಡಿದದ್ದು ಸಂಖ್ಯಾಶಾಸ್ತ್ರಜ್ಞರು. ಅವರ ಕೈಗೆ ಸಿಕ್ಕಿದ್ದಾದರೂ ಏನು? ತಾರೀಖು ಮತ್ತು ಅದು ಬಂದ ಕ್ರಮಾಂಕ. ಒಬ್ಬ ಹುಡುಗನ ಹೆಸರೂ ಅವರಿಗೆ ಬೇಕಾಗಲಿಲ್ಲ.

ಈಗ ಮಗುವಿನ ಕಡೆಗೆ ಬರೋಣ. ಆರ್‌ಟಿಇ ಅರ್ಜಿ ಎಂದರೆ ಒಂದು ಬಡ ಕುಟುಂಬದ ಇಡೀ ಕಥೆ. ಮಗುವಿನ ಜನ್ಮದಿನಾಂಕ, ವಾರ್ಡು ಅಥವಾ ಹಳ್ಳಿ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಎಂಬ ಗುರುತಿನ ಸಂಖ್ಯೆ, ತಂದೆ–ತಾಯಿಯ ಮೊಬೈಲ್ ಸಂಖ್ಯೆ. ಕರ್ನಾಟಕದಲ್ಲಿ ಅವಕಾಶವಂಚಿತ ವರ್ಗದ ವ್ಯಾಖ್ಯೆಯೊಳಗೆ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಜೊತೆಗೆ ಅನಾಥ ಮಗು, ವಲಸೆ ಮತ್ತು ಬೀದಿ ಮಗು, ವಿಶೇಷ ಅಗತ್ಯದ ಮಗು, ಎಚ್‌ಐವಿ ಬಾಧಿತ ಮಗು ಕೂಡ ಸೇರುತ್ತಾರೆ. ಆ ಕೊನೆಯದನ್ನು ಇನ್ನೊಮ್ಮೆ ಓದಿ. ಪಟ್ಟಿಯಲ್ಲಿ ‘ವರ್ಗ’ ಎಂಬ ಒಂದು ಕಾಲಂ ಇಟ್ಟು, ಅದರಲ್ಲಿ ಈ ಒಂದು ಪದ ಬರೆದು ಹೊರಗೆ ಬಿಟ್ಟರೆ ಆ ಮಗುವಿನ ಬದುಕು ಏನಾಗುತ್ತದೆ? ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನೂ ತಡೆಯುವ ಪ್ರತ್ಯೇಕ ಕಾಯ್ದೆಯನ್ನು 2017ರಲ್ಲಿ ಸಂಸತ್ತು ಮಾಡಿತು, 2018ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ. ಸೀಟು ಕೊಡಿಸಲು ಮಾಡಿದ ರಕ್ಷಣೆಯೇ ಮಗುವಿನ ಹಣೆಗೆ ಪಟ್ಟಿ ಕಟ್ಟಬಾರದಲ್ಲವೇ?

ಹೆಸರು ತೆಗೆದರೆ ಸಾಕು ಎಂದುಕೊಳ್ಳುವುದೂ ತಪ್ಪಾಗುತ್ತದೆ. ಸಣ್ಣ ಸಂಖ್ಯೆಗಳು ತಾವೇ ಗುಟ್ಟು ಬಿಟ್ಟುಕೊಡುತ್ತವೆ. ಕರ್ನಾಟಕದ ಹಂಚಿಕೆಯಲ್ಲಿ ಶೇ 25ರ ಒಳಗೆ ಪರಿಶಿಷ್ಟ ಜಾತಿಗೆ ಶೇ 7.5, ಪರಿಶಿಷ್ಟ ಪಂಗಡಕ್ಕೆ ಶೇ 1.5, ಉಳಿದವರಿಗೆ ಶೇ 16. ತರಗತಿಯಲ್ಲಿ 40 ಮಕ್ಕಳಿದ್ದರೆ 3 ಸೀಟು ಪರಿಶಿಷ್ಟ ಜಾತಿಗೆ. ಪಂಗಡಕ್ಕೆ ಲೆಕ್ಕದಲ್ಲಿ ಬರುವುದು 0.6, ಹೆಚ್ಚೆಂದರೆ ಒಂದೇ ಒಂದು ಸೀಟು. ‘ಈ ಶಾಲೆ, ಈ ವರ್ಷ, ಪರಿಶಿಷ್ಟ ಪಂಗಡ: 1’ ಎಂದು ಹೆಸರಿಲ್ಲದೆ ಬರೆದರೂ ಆ ತರಗತಿಯ ತಾಯಂದಿರು ಎರಡು ದಿನದಲ್ಲಿ ಆ ಮಗು ಯಾವುದೆಂದು ಕಂಡುಕೊಳ್ಳುತ್ತಾರೆ. ಜನ್ಮದಿನಾಂಕ, ವಾರ್ಡು ಎರಡೂ ಸೇರಿದರಂತೂ ಹೆಸರು ಬರೆದದ್ದಕ್ಕಿಂತ ಹೆಚ್ಚು ನಿಖರ. ಅರ್ಜಿ ಸಲ್ಲಿಸಿದ ಕ್ರಮದಲ್ಲೇ ಅರ್ಜಿ ಸಂಖ್ಯೆ ಏರುತ್ತಾ ಹೋದರೆ, ಒಂದೇ ಸೈಬರ್ ಸೆಂಟರ್‌ನಲ್ಲಿ ಹಿಂದೆ ಮುಂದೆ ನಿಂತು ಅರ್ಜಿ ಹಾಕಿದವರಿಗೆ ಪರಸ್ಪರರ ಸಂಖ್ಯೆ ಊಹೆಗೆ ಸಿಕ್ಕೇಬಿಡುತ್ತದೆ.

ಇದರಿಂದ ಆಗುವ ನೋವು ಕಾಲ್ಪನಿಕವಲ್ಲ. ಆರ್‌ಟಿಇಯಲ್ಲಿ ಸೇರಿದ ಮಕ್ಕಳನ್ನು ಗುರುತಿಸಲು ಅವರ ತಲೆಗೂದಲು ಕತ್ತರಿಸಲಾಗಿತ್ತು ಎಂಬ ಆರೋಪ 2012ರಲ್ಲಿ ಬೆಂಗಳೂರಿನ ಶಾಲೆಯೊಂದರ ವಿರುದ್ಧ ಕೇಳಿಬಂದು ರಾಜ್ಯವೇ ಬೆಚ್ಚಿಬಿದ್ದಿತ್ತು. ಕತ್ತರಿ ಹಿಡಿಯದೆಯೂ ಗುರುತು ಮಾಡಬಹುದು. ಅಂತರ್ಜಾಲದಲ್ಲಿ ಉಳಿದುಬಿಟ್ಟ ಪಿಡಿಎಫ್ ಅದೇ ಕೆಲಸವನ್ನು ಮೌನವಾಗಿ ಮಾಡುತ್ತದೆ. ಹಿಂದಿನ ಕಾಲದ ನೋಟಿಸ್ ಬೋರ್ಡಿಗೆ ಒಂದು ಮರೆವಿತ್ತು. ಕಾಗದ ಬಿಸಿಲಿಗೆ ಹಳದಿಯಾಗುತ್ತಿತ್ತು, ಮಳೆಗೆ ಶಾಯಿ ಹರಡುತ್ತಿತ್ತು, ಮುಂದಿನ ವರ್ಷದ ಪಟ್ಟಿ ಅದರ ಮೇಲೆ ಅಂಟುತ್ತಿತ್ತು. ನೋಡಬೇಕೆಂದವರು ಅಲ್ಲಿಗೆ ನಡೆದು ಹೋಗಬೇಕಿತ್ತು. ಪಿಡಿಎಫ್‌ಗೆ ಈ ಕರುಣೆಯಿಲ್ಲ. ಎಲ್‌ಕೆಜಿ ಸೇರಿದ ಮಗು ಕೆಲಸ ಹುಡುಕುವ ವಯಸ್ಸಿಗೆ ಬಂದಾಗಲೂ ಹೆಸರು ಟೈಪಿಸಿದರೆ ಅಪ್ಪನ ಆ ಕಾಲದ ಬಡತನ ತೆರೆದುಕೊಳ್ಳುತ್ತದೆ.

ಹೀಗಿದ್ದರೂ ಹೆಸರುಗಳ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ಪಕ್ಕಕ್ಕೆ ತಳ್ಳುವುದು ಅನ್ಯಾಯ. ನಮ್ಮ ದೇಶದ ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದೇ ಹೆಸರು ಓದುವುದರಿಂದ. 1994ರ ಕೊನೆಯಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನಸುನವಾಯಿ ಎಂಬ ಬಹಿರಂಗ ವಿಚಾರಣೆ ಶುರುಮಾಡಿತು. ಕೂಲಿ ಹಾಜರಿ ಪಟ್ಟಿಯನ್ನು ಜನರ ನಡುವೆ ಗಟ್ಟಿಯಾಗಿ ಓದಿದಾಗ ಸುಳ್ಳು ಹೆಸರುಗಳು ಒಂದೊಂದಾಗಿ ಹೊರಬಿದ್ದವು. ಊರಿನವರಿಗೆ ಗೊತ್ತಿರುವುದು ಕಚೇರಿಗೆ ಗೊತ್ತಿರುವುದಿಲ್ಲ. ಲಾಟರಿಯಲ್ಲೂ ಇದು ನಿಜ. ಆದಾಯ ಪ್ರಮಾಣಪತ್ರದಲ್ಲಿ ಬಡವ, ಮನೆ ಮುಂದೆ ಎರಡು ಕಾರು ಎಂಬಂಥದ್ದನ್ನು ಹಿಡಿಯುವುದು ಅಕ್ಕಪಕ್ಕದವರ ಕಣ್ಣೇ. 2018ರಲ್ಲಿ ದೆಹಲಿಯಲ್ಲಿ ಉಳ್ಳವರೊಬ್ಬರು ಸುಳ್ಳು ದಾಖಲೆ ಕೊಟ್ಟು ಬಡವರ ಕೋಟಾದಲ್ಲಿ ಮಗನನ್ನು ಪ್ರತಿಷ್ಠಿತ ಶಾಲೆಗೆ ಸೇರಿಸಿದ ಆರೋಪದಲ್ಲಿ ಬಂಧನಕ್ಕೂ ಒಳಗಾಗಿದ್ದರು. ಅಂಥ ಒಂದೊಂದು ಸೀಟಿನ ಹಿಂದೆಯೂ ಸೀಟು ಕಳೆದುಕೊಂಡ ಬಡ ಮಗುವೊಂದಿರುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಮೋಸಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಬಿಡಿಸಬೇಕು. ಒಂದು, ಚೀಟಿ ಎತ್ತುವಾಗಿನ ಮೋಸ. ಇನ್ನೊಂದು, ಮಡಕೆಯೊಳಗೆ ಇರಬಾರದ ಚೀಟಿ ಸೇರಿಸುವ ಮೋಸ. ಮೊದಲನೆಯದನ್ನು ಹಿಡಿಯಲು ಹೆಸರು ಬೇಕೇ ಇಲ್ಲ, ಎಲ್ಲರಿಗೂ ಲೆಕ್ಕ ತೋರಿಸಬೇಕು. ಎರಡನೆಯದನ್ನು ಹಿಡಿಯಲು ಹೆಸರು ಬೇಕು, ಆದರೆ ಜಗತ್ತಿಗೆಲ್ಲ ತೋರಿಸಬೇಕಿಲ್ಲ. ಕೂಲಿ ಪಟ್ಟಿಯಲ್ಲಿದ್ದವರು ದೊಡ್ಡವರು, ಅವರ ಹೆಸರಿನಲ್ಲಿ ದುಡ್ಡು ಎತ್ತಲಾಗಿತ್ತು. ಇಲ್ಲಿರುವುದು ಅರ್ಜಿ ಎಂದರೇನೆಂದೂ ತಿಳಿಯದ ಮಗು.

ಮೊದಲನೆಯ ಮೋಸಕ್ಕೆ ಮದ್ದು ಹೀಗಿರಬಹುದು. ದಾಖಲೆ ಪರಿಶೀಲನೆ ಮುಗಿದ ಮೇಲೆ ಪ್ರತಿ ಅರ್ಹ ಅರ್ಜಿಗೂ ಹೊಸದೊಂದು ಚೀಟಿ ಸಂಖ್ಯೆ ಕೊಡಬೇಕು. ಅದು ಅರ್ಜಿ ಹಾಕಿದ ಕ್ರಮದಲ್ಲಿರಬಾರದು, ಆ ಸಂಖ್ಯೆ ಎಸ್‌ಎಂಎಸ್‌ನಲ್ಲಿ ಆ ಕುಟುಂಬಕ್ಕೆ ಮಾತ್ರ ಹೋಗಬೇಕು. ಲಾಟರಿಗೆ ಕೆಲವು ದಿನ ಮೊದಲು ಚೀಟಿ ಸಂಖ್ಯೆಗಳ ಪಟ್ಟಿ ಪ್ರಕಟವಾಗಬೇಕು. ಅದರಲ್ಲಿ ಹೆಸರಿಲ್ಲ, ಜನ್ಮದಿನಾಂಕವಿಲ್ಲ. ಪ್ರತಿ ತಾಯಿಯೂ ತನ್ನ ಸಂಖ್ಯೆ ಅದರಲ್ಲಿದೆಯೇ ಎಂದು ನೋಡಿಕೊಳ್ಳುತ್ತಾಳೆ. ಚೀಟಿಯೇ ಮಡಕೆಗೆ ಬೀಳಲಿಲ್ಲ ಎಂಬ ದೂರು ಅಲ್ಲೇ ಬಗೆಹರಿಯುತ್ತದೆ. ಲೆಕ್ಕ ಮಾಡುವ ಪ್ರೋಗ್ರಾಂ ಕೂಡ ಅದೇ ದಿನ ಪ್ರಕಟವಾಗಬೇಕು. ಅಲ್ಲಿಗೆ ಪಟ್ಟಿಗೂ ಪ್ರೋಗ್ರಾಂಗೂ ಬೀಗ ಬಿತ್ತು.

ಲಾಟರಿಯ ದಿನ ಪೋಷಕರ ಎದುರು, ವಿಡಿಯೊ ಮಾಡುತ್ತಾ, 0ಯಿಂದ 9ರವರೆಗಿನ ಚೆಂಡುಗಳಿರುವ ಪೆಟ್ಟಿಗೆಯಿಂದ ಒಂದು ಮಗು ಚೆಂಡು ತೆಗೆಯಲಿ. ಪ್ರತಿ ಸಲ ಚೆಂಡನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಕಲಸಿ, ಹೀಗೆ ಹತ್ತು ಬಾರಿ. ಬಂದ ಹತ್ತು ಅಂಕೆಗಳೇ ಬೀಜ ಸಂಖ್ಯೆ. ಸಾಧ್ಯತೆಗಳು ಸಾವಿರ ಕೋಟಿ. ಬೀಜ ಎಲ್ಲರೆದುರು ಒಂದೇ ಸಲ ಹುಟ್ಟುವುದರಿಂದ ಎರಡನೇ ಪ್ರಯತ್ನಕ್ಕೆ ದಾರಿಯೇ ಇಲ್ಲ. ಪಟ್ಟಿಗೆ ಮೊದಲೇ ಬೀಗ ಬಿದ್ದಿರುವುದರಿಂದ ಬೀಜ ನೋಡಿ ಪಟ್ಟಿ ತಿದ್ದಲೂ ಆಗದು. ಪಟ್ಟಿ, ಪ್ರೋಗ್ರಾಂ, ಬೀಜ ಈ ಮೂರನ್ನೂ ಇಟ್ಟುಕೊಂಡು ಹುಬ್ಬಳ್ಳಿಯ ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿಯ ವರದಿಗಾರ್ತಿ, ಯಾರು ಬೇಕಾದರೂ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದರೆ ಇಲಾಖೆ ಕೊಟ್ಟ ಸಾಲೇ ಬರಬೇಕು. ಬರದಿದ್ದರೆ ಮೋಸವೋ ತಪ್ಪೋ ಅಲ್ಲೇ ಸಿಕ್ಕಿಬೀಳುತ್ತದೆ. ಐದು ಬೆರಳು ಬಿಡಿಸಿ ತೋರಿಸುವುದು ಎಂದರೆ ಇದೇ.

ಇನ್ನೊಂದು ಕೊಂಡಿ ಉಳಿಯಿತು. ಲಾಟರಿ ಮುಗಿದ ಮೇಲೆ ಗೆದ್ದ ಚೀಟಿಯ ಹಿಂದಿನ ಹೆಸರನ್ನೇ ಬದಲಿಸಿದರೆ? ಇದಕ್ಕೆ ಗಣಿತದವರ ಬಳಿ ಹೆಬ್ಬೆಟ್ಟಿನ ಗುರುತಿನಂಥ ಉಪಾಯವಿದೆ, ಅದನ್ನು ‘ಹ್ಯಾಶ್’ ಎನ್ನುತ್ತಾರೆ. ಯಾವ ಕಡತವನ್ನೇ ಕೊಟ್ಟರೂ ಎಸ್‌ಎಚ್‌ಎ-256 ಎಂಬ ಸೂತ್ರ ಅದರಿಂದ 64 ಅಕ್ಷರ–ಅಂಕೆಗಳ ಒಂದು ಗುರುತು ತೆಗೆಯುತ್ತದೆ. ಕಡತದಲ್ಲಿ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಗುರುತಿನಿಂದ ಕಡತವನ್ನು ಹಿಂದಕ್ಕೆ ಪಡೆಯಲಾಗದು. ಹೆಸರು ಮತ್ತು ಚೀಟಿ ಸಂಖ್ಯೆಗಳ ಪೂರ್ಣ ಕಡತವನ್ನು ಇಲಾಖೆ ಮುದ್ರೆ ಹಾಕಿ ಇಟ್ಟುಕೊಳ್ಳಲಿ, ಅದರ ಹ್ಯಾಶ್ ಮಾತ್ರ ಲಾಟರಿಗೆ ಮೊದಲೇ ಪ್ರಕಟಿಸಲಿ. ಮುಂದೆ ತಕರಾರು ಬಂದರೆ ನ್ಯಾಯಾಲಯ ಆ ಕಡತ ತರಿಸಿ ಗುರುತು ತಾಳೆ ನೋಡಬಹುದು. ಒಂದು ಎಚ್ಚರಿಕೆ: ಪ್ರತಿ ಮಗುವಿನ ಹೆಸರಿಗೂ ಬೇರೆ ಬೇರೆ ಹ್ಯಾಶ್ ಮಾಡಿ ಹಾಕಬಾರದು. ಪಕ್ಕದ ಮನೆ ಮಗುವಿನ ಹೆಸರು, ಜನ್ಮದಿನ ಗೊತ್ತಿರುವವರು ಅದನ್ನೇ ಸೂತ್ರಕ್ಕೆ ಕೊಟ್ಟು ತಾಳೆ ನೋಡಿಬಿಡುತ್ತಾರೆ. ಇಡೀ ಕಡತಕ್ಕೆ ಒಂದೇ ಗುರುತು ಇರಬೇಕು.

ಎರಡನೆಯ ಮೋಸಕ್ಕೆ, ಎಂದರೆ ಸುಳ್ಳು ಬಡವರಿಗೆ, ಮನುಷ್ಯರೇ ಬೇಕು. ಗೆದ್ದ ಅರ್ಜಿಗಳಲ್ಲಿ ಕೆಲವನ್ನು ಮತ್ತೆ ಲಾಟರಿಯಿಂದಲೇ ಆರಿಸಿ, ಇಲಾಖೆಗೂ ಶಾಲೆಗೂ ಸಂಬಂಧವಿಲ್ಲದವರು ಮನೆಗೆ ಹೋಗಿ ನೋಡಲಿ. ಆರ್‌ಡಿ ಸಂಖ್ಯೆಯಿಂದ ಪ್ರಮಾಣಪತ್ರದ ನೈಜತೆ ಪರಿಶೀಲಿಸುವ ವ್ಯವಸ್ಥೆ ಈಗಾಗಲೇ ಇದೆ. ಅನುಮಾನವಿದ್ದ ನೆರೆಯವರು ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ಕೊಡಲಿ. ದೂರಿನ ಫಲವನ್ನು ಚೀಟಿ ಸಂಖ್ಯೆಯ ಎದುರು ಬರೆದು ಪ್ರಕಟಿಸಿದರೆ ಮುಗಿಯಿತು. ಇಂಗ್ಲೆಂಡಿನ ಪ್ರವೇಶ ಸಂಹಿತೆಯಲ್ಲಿ ಲಾಟರಿಯ ಮೇಲ್ವಿಚಾರಣೆಗೆ ಶಾಲೆಗೆ ಸಂಬಂಧಿಸದ ವ್ಯಕ್ತಿಯೇ ಇರಬೇಕು ಎಂಬ ಕಡ್ಡಾಯವಿದೆ. ಕಾಯುವ ಪಟ್ಟಿಯಿಂದ ಸೀಟು ಕೊಡುವಾಗಲೆಲ್ಲ ಹೊಸದಾಗಿ ಲಾಟರಿ ಎತ್ತಬೇಕು ಎಂದೂ ಅದು ಹೇಳುತ್ತದೆ. ಎರಡನೆಯ ಸುತ್ತಿನಲ್ಲಿ, ಉಳಿದ ಸೀಟುಗಳಲ್ಲಿ ಶಿಫಾರಸು ನುಸುಳುವುದು ಸುಲಭವಾದ್ದರಿಂದ ಈ ನಿಯಮ ನನಗೆ ಬಹಳ ಹಿಡಿಸಿತು.

ಬೇರೆ ಕಡೆ ಅರ್ಧ ದಾರಿ ನಡೆದವರಿದ್ದಾರೆ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ ಪ್ರತಿ ಅರ್ಜಿದಾರ ಮಗುವಿಗೂ ಅಂಕೆ ಮತ್ತು ಎಯಿಂದ ಎಫ್‌ವರೆಗಿನ ಅಕ್ಷರಗಳಿರುವ ಉದ್ದನೆಯ ಲಾಟರಿ ಸಂಖ್ಯೆ ಸಿಗುತ್ತದೆ. ಪೋಷಕರು ಒತ್ತಾಯಿಸಿದ ಮೇಲೆ ಆಯಾ ಕುಟುಂಬಕ್ಕೆ ಅದನ್ನು ತೋರಿಸತೊಡಗಿದರು. ಮಗುವಿನ ಗುಟ್ಟು ಉಳಿಯಿತು, ತಮ್ಮ ಸಂಖ್ಯೆ ಒಳ್ಳೆಯದೋ ಕೆಟ್ಟದ್ದೋ ಎಂಬುದೂ ತಿಳಿಯಿತು. ಆದರೆ ಆ ಸಂಖ್ಯೆ ಹೇಗೆ ಹುಟ್ಟಿತು ಎಂಬುದನ್ನು ಮನೆಯಲ್ಲಿ ಕುಳಿತು ಪರೀಕ್ಷಿಸಲು ಬರುವುದಿಲ್ಲ. ದೆಹಲಿಯಲ್ಲಿ ನರ್ಸರಿಯ ಸಾಮಾನ್ಯ ಸೀಟುಗಳಿಗೆ ಚೀಟಿ ಎತ್ತಬೇಕಾಗಿ ಬಂದರೆ ಪೋಷಕರ ಎದುರೇ, ವಿಡಿಯೊ ಮಾಡಿ, ಪೆಟ್ಟಿಗೆಗೆ ಹಾಕುವ ಮುನ್ನ ಚೀಟಿಗಳನ್ನು ತೋರಿಸಿ ಎತ್ತಬೇಕೆಂಬ ಸೂಚನೆಯಿದೆ. ಕೈ ಕಾಣುತ್ತದೆ. ಆದರೆ ಅರ್ಜಿ ಹಾಕಿದ ಮಕ್ಕಳ ವಿವರ, ಮನೆಯ ದೂರ ಮುಂತಾದ ಮಾನದಂಡಗಳ ಮೇಲೆ ಅವರಿಗೆ ಸಿಕ್ಕ ಅಂಕಗಳನ್ನೂ ಶಾಲೆಗಳು ಪ್ರಕಟಿಸಬೇಕು. ಅಲ್ಲಿಗೆ ಮಗುವೂ ಕಾಣುತ್ತದೆ.

ಕಾನೂನು ಯಾವ ಕಡೆಗಿದೆ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷ ಆಧಾರ್ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸಿ ಹೆಚ್ಚಿನ ರಕ್ಷಣೆ ಕೊಟ್ಟಿದೆ. ಆದರೆ ಅದೇ ಕಾಯ್ದೆ 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನೂ ತಿದ್ದಿತು. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ್ದು, ಅನಗತ್ಯವಾಗಿ ಖಾಸಗಿತನಕ್ಕೆ ಧಕ್ಕೆ ತರುವಂಥದ್ದು ಎಂಬ ಷರತ್ತುಗಳು ಮೊದಲು ಆ ಕಲಮಿನಲ್ಲಿದ್ದವು. ಈಗ ವೈಯಕ್ತಿಕ ಮಾಹಿತಿ ಎಂದಷ್ಟೇ ಹೇಳಿ ನಿರಾಕರಿಸಲು ಅವಕಾಶವಾಗಿದೆ. ಹೆಚ್ಚಿನ ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎಂಬ 8(2) ಕಲಂ ಮಾತ್ರ ಹಾಗೇ ಉಳಿದಿದೆ.

ನನಗಿರುವ ಭಯ ಇಲ್ಲಿದೆ. ಮಕ್ಕಳ ಖಾಸಗಿತನ ಎಂಬ ಒಳ್ಳೆಯ ಮಾತೇ ನಾಳೆ ಕಚೇರಿಯ ಬಾಗಿಲಿಗೆ ಬೀಗವಾಗಬಹುದು. ಲಾಟರಿ ಹೇಗೆ ನಡೆಯಿತು ಎಂದು ಕೇಳಿದ ಅಪ್ಪನಿಗೆ ‘ಅದು ಮಕ್ಕಳ ವೈಯಕ್ತಿಕ ಮಾಹಿತಿ, ಕೊಡಲಾಗದು’ ಎಂಬ ಹಿಂಬರಹ ಬಂದರೆ ಅವರು ಸುಮ್ಮನಾಗಬೇಕಿಲ್ಲ. ಬೀಜ ಸಂಖ್ಯೆ, ಪ್ರೋಗ್ರಾಂ, ಪಟ್ಟಿಗೆ ಬೀಗ ಹಾಕಿದ ದಿನಾಂಕ ಮತ್ತು ಸಮಯ, ಲಾಟರಿಯನ್ನು ಎಷ್ಟು ಸಲ ಓಡಿಸಲಾಯಿತು ಎಂಬ ದಾಖಲೆ, ಇವು ಯಾವುವೂ ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ಅವರು ಬರೆಯುವ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಈ ನಾಲ್ಕನ್ನೇ ಕೇಳಲಿ. ಒಂದು ಮಗುವಿನ ಹೆಸರನ್ನೂ ಕೇಳದೆ ಇಡೀ ಲಾಟರಿಯನ್ನು ಪ್ರಶ್ನಿಸಿದಂತಾಗುತ್ತದೆ.

ದಾಖಲಾತಿ ಮುಗಿದ ಮೇಲೆ ಹೆಸರುಗಳು ಎಲ್ಲಿರಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಸರ್ಕಾರ ಪ್ರತಿ ಮಗುವಿನ ಶುಲ್ಕವನ್ನು ಶಾಲೆಗೆ ಮರುಪಾವತಿ ಮಾಡುವುದರಿಂದ ಇಲಾಖೆಯ ಲೆಕ್ಕದ ಕಡತದಲ್ಲಿ ಅವು ಬೇಕೇ ಬೇಕು. ಶಾಲೆಯ ಕಚೇರಿಯಲ್ಲೂ ಬೇಕು. ಆದರೆ ಜಾಲತಾಣದ ಪಿಡಿಎಫ್‌ಗೆ ಜೂನ್ ಆಚೆ ಯಾವ ಕೆಲಸವೂ ಇಲ್ಲ, ಅದನ್ನು ಇಳಿಸಬೇಕು. ತರಗತಿಯ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಆರ್‌ಟಿಇ’ ಎಂದು ಬರೆಯುವ ಅಗತ್ಯವಂತೂ ಯಾವ ಲೆಕ್ಕಕ್ಕೂ ಇಲ್ಲ. ಮೇಷ್ಟರು ಹಾಜರಿ ಕೂಗುವಾಗ ಆ ಪುಸ್ತಕ ಮುಂದಿನ ಬೆಂಚಿನ ಮಕ್ಕಳಿಗೂ ಕಾಣುತ್ತದೆ.